ನಂದಿ ಊರು ಮೊದಲು, ಬೆಟ್ಟ ಆಮೇಲೆ: ಬೆಂಗಳೂರಿಂದ ಒಂದು ದಿನದ ಸಮಗ್ರ ಮಾರ್ಗದರ್ಶಿ

ನಂದಿಗೆ ಹೋಗಿ ಬಂದ ಬೆಂಗಳೂರಿನವರಲ್ಲಿ ಹೆಚ್ಚಿನವರು ನಂದಿ ಎಂಬ ಊರನ್ನು ನೋಡಿರುವುದೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಡುತ್ತಾರೆ. ಚೆಕ್‌ಪೋಸ್ಟ್ ಮುಂದೆ ಕಾರುಗಳ ಸಾಲಿನಲ್ಲಿ ನಿಲ್ಲುತ್ತಾರೆ. ಮೇಲೆ ತಲುಪುವಷ್ಟರಲ್ಲಿ ಸೂರ್ಯ ಹುಟ್ಟಿ ಆಗಿರುತ್ತದೆ. ಹತ್ತು ಗಂಟೆಗೆ ನಿದ್ದೆಗಣ್ಣಲ್ಲಿ ಇಳಿಯುತ್ತಾರೆ. ಕೆಳಗಿನ ಗುಡಿ, ಕಲ್ಯಾಣಿ, ತೋಟ ಎಲ್ಲ "ಇನ್ನೊಂದ್ಸಲ ನೋಡೋಣ" ಅಂತ ಉಳಿದುಬಿಡುತ್ತವೆ.

ಇದೇ ಮಾತನ್ನು ತುಂಬಾ ಜನ ಹೇಳುತ್ತಿರುವುದರಿಂದ ಈ ಮಾರ್ಗದರ್ಶಿ. ತೊಂದರೆ ಇರುವುದು ಕ್ರಮದಲ್ಲಿ. ಊರಿನ ಭೋಗನಂದೀಶ್ವರ ಗುಡಿಯ ಆವರಣದಲ್ಲಿ ಅರುಣಾಚಲೇಶ್ವರನಿದ್ದಾನೆ, ಶಿವನ ಬಾಲ್ಯ ಎಂದು ನಂಬಿಕೆ. ಪಕ್ಕದಲ್ಲೇ ಭೋಗನಂದೀಶ್ವರ, ಅದು ಯೌವನ. ಬೆಟ್ಟದ ಮೇಲಿರುವುದು ಯೋಗನಂದೀಶ್ವರ, ಎಲ್ಲ ಬಿಟ್ಟು ಕುಳಿತ ಶಿವ. ಕೆಳಗೆ ಶುರು, ಮೇಲೆ ಕೊನೆ. ನಿಮ್ಮ ದಿನವನ್ನೂ ಹಾಗೇ ಜೋಡಿಸಿಕೊಳ್ಳಿ, ಅರ್ಧ ತಪ್ಪುಗಳು ತಾನಾಗಿಯೇ ನಿಲ್ಲುತ್ತವೆ.

## ಹಂತ 1: ದಿನ ಆರಿಸುವುದು

ಮಂಗಳವಾರದಿಂದ ಗುರುವಾರದ ತನಕ ಒಂದು ದಿನ ರಜೆ ಹಾಕಲು ಆಗುತ್ತದಾ ನೋಡಿ. ಶನಿವಾರ, ಭಾನುವಾರ ಬೆಟ್ಟಕ್ಕೆ ಬರುವವರ ಜೊತೆ ಈಗ ಚಿಕ್ಕಬಳ್ಳಾಪುರದ ಬಳಿಯ ಆದಿಯೋಗಿ ಪ್ರತಿಮೆ ನೋಡಲು ಬರುವವರೂ ಸೇರಿದ್ದಾರೆ. 2023ರ ಜನವರಿಯಲ್ಲಿ ಅದು ಶುರುವಾದ ಮೇಲೆ ವಾರಾಂತ್ಯದ ಸಂಜೆ ಹೆದ್ದಾರಿ ತುಂಬಿ ಹರಿಯುತ್ತದೆ.

ಸೋಮವಾರ ಶಿವನ ದಿನ, ಗುಡಿಯಲ್ಲಿ ಜನ ಜಾಸ್ತಿ. ಕಾರ್ತಿಕ ಸೋಮವಾರವಂತೂ ಇನ್ನೂ ಜಾಸ್ತಿ. ಶಿವರಾತ್ರಿಗೆ ಇಲ್ಲಿ ರಥೋತ್ಸವವೂ ದನಗಳ ಜಾತ್ರೆಯೂ ನಡೆಯುತ್ತವೆ. ಜಾತ್ರೆ ನೋಡಬೇಕು ಅಂದರೆ ಅದೇ ಸರಿಯಾದ ದಿನ. ಸದ್ದಿಲ್ಲದ ಊರು ಬೇಕು ಅಂದರೆ ಆ ವಾರ ಪೂರ್ತಿ ಬಿಡಿ. ಹೊಸ ವರ್ಷದ ಹಿಂದಿನ ರಾತ್ರಿ ಬೆಟ್ಟಕ್ಕೆ ಪ್ರವೇಶ ನಿಲ್ಲಿಸುವ ರೂಢಿಯೂ ಇದೆ.

ಮಳೆಗಾಲದಲ್ಲಿ ಹೋಗುವುದಾದರೆ ಹಿಂದಿನ ಎರಡು ದಿನದ ಮಳೆ ಗಮನಿಸಿ. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಜೋರು ಮಳೆಗೆ ಗುಡ್ಡ ಕುಸಿದು ಘಾಟ್ ರಸ್ತೆಯೇ ಕಿತ್ತುಹೋಗಿತ್ತು. ರಸ್ತೆ ದುರಸ್ತಿ, ವಾಹನಗಳ ಮಿತಿ, ಆನ್‌ಲೈನ್ ಪಾಸ್ ಇಂಥ ನಿಯಮಗಳೂ ಆಗಾಗ ಬದಲಾಗುತ್ತವೆ. ಹೊರಡುವ ಎರಡು ದಿನ ಮುಂಚೆ ಪ್ರವಾಸೋದ್ಯಮ ಇಲಾಖೆ ಮತ್ತು ಚಿಕ್ಕಬಳ್ಳಾಪುರ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. ಬೆಟ್ಟ ಮುಚ್ಚಿದ್ದರೂ ಊರು ಮುಚ್ಚಿರುವುದಿಲ್ಲ, ಅಲ್ವಾ? ಊರು ಮೊದಲು ಅನ್ನುವ ಕ್ರಮದಿಂದ ಈ ಲಾಭವೂ ಇದೆ.

## ಹಂತ 2: ಚೀಲದಲ್ಲಿ ಏನಿರಬೇಕು

ದಪ್ಪ ಕಾಟನ್ ಸಾಕ್ಸ್ ಒಂದು ಜೊತೆ. ಇದನ್ನು ಯಾರೂ ಹೇಳುವುದಿಲ್ಲ, ಬೇಕಾಗುವುದು ಮಾತ್ರ ಇದೇ. ಗುಡಿಯ ಅಂಗಳ ಪೂರ್ತಿ ಕಲ್ಲುಹಾಸು, ಚಪ್ಪಲಿ ಹೊರಗೇ ಬಿಡಬೇಕು. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಆ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ.

ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಹಿಡಿತ ಇರುವ ಅಡಿಯ ಶೂ, ಸಣ್ಣ ಟಾರ್ಚ್, ಚಿಲ್ಲರೆ ಹಣ. ಬೆಟ್ಟಕ್ಕೆ ತೆಳುವಾದ ಸ್ವೆಟರ್ ಅಥವಾ ಜರ್ಕಿನ್ ಬೇಕು. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ಸುಮಾರು 550 ಮೀಟರ್ ಜಾಸ್ತಿ. ಎತ್ತರದ ಲೆಕ್ಕದಲ್ಲೇ ಮೂರ್ನಾಲ್ಕು ಡಿಗ್ರಿ ಕಡಿಮೆ ಇರುತ್ತದೆ, ಮೇಲೆ ಗಾಳಿ ಬೇರೆ. ತಿಂಡಿಯನ್ನು ಜಿಪ್ ಇರುವ ಚೀಲದೊಳಗೆ ಇಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಕವರ್ ಕಂಡರೆ ಅದರಲ್ಲಿ ತಿನ್ನುವುದಿದೆ ಅಂತಲೇ ಬೆಟ್ಟದ ಕೋತಿಗಳು ಬರುತ್ತವೆ.

ಸೆಂಟು ಹಾಕಿಕೊಂಡು ಹೋಗಬೇಡಿ. ಹಳೆಯ ಕಟ್ಟಡದ ಸೂರಿನಲ್ಲಿ, ಬಂಡೆಯ ಮರೆಯಲ್ಲಿ, ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟುತ್ತದೆ. ಗಾಢ ವಾಸನೆ, ಹೊಗೆ, ಕೂಗಾಟ ಇವು ಅದನ್ನು ಕೆರಳಿಸುತ್ತವೆ.

## ಹಂತ 3: ದಾರಿ ತಪ್ಪದಿರುವುದು

ಮೊಬೈಲ್ ಮ್ಯಾಪ್‌ನಲ್ಲಿ ಬರೀ "ನಂದಿ" ಅಂತ ಹಾಕಿದರೆ ಅದು ಬೆಟ್ಟಕ್ಕೆ ಕರೆದೊಯ್ಯುತ್ತದೆ. "ನಂದಿ ದೇವಸ್ಥಾನ" ಅಂದರೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ತೋರಿಸಬಹುದು. "ಭೋಗನಂದೀಶ್ವರ ದೇವಸ್ಥಾನ" ಎಂದು ಪೂರ್ತಿ ಹೆಸರು ಹಾಕಿ. ಬೆಟ್ಟದ ಮೇಲಿನದು ಯೋಗನಂದೀಶ್ವರ, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಸ್ವಂತ ಗಾಡಿ. ಹೆಬ್ಬಾಳ, ಯಲಹಂಕ, ಸಾದಹಳ್ಳಿ ಟೋಲ್, ದೇವನಹಳ್ಳಿ ದಾಟಿ ಹೆದ್ದಾರಿ 44ರಲ್ಲೇ ಹೋಗಬೇಕು. ಸುಮಾರು 60 ಕಿಲೋಮೀಟರ್. ದೇವನಹಳ್ಳಿ ಆದ ಮೇಲೆ ಬೆಟ್ಟದ ಫಲಕ ನೋಡಿದ ಕೂಡಲೇ ಎಡಕ್ಕೆ ತಿರುಗುವುದೇ ಎಲ್ಲರೂ ಮಾಡುವ ತಪ್ಪು. ಅದು ಘಾಟ್‌ಗೆ ಹೋಗುವ ದಾರಿ. ಊರಿಗೆ ಇನ್ನೂ ಮುಂದೆ, ಚಿಕ್ಕಬಳ್ಳಾಪುರದ ಕಡೆ ಹೋಗಿ ತಿರುಗಬೇಕು. ಆರು ಗಂಟೆಗೆ ಹೆಬ್ಬಾಳ ದಾಟಿದರೆ ವಿಮಾನ ನಿಲ್ದಾಣದ ಗದ್ದಲಕ್ಕೂ ಸಿಗುವುದಿಲ್ಲ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ಹಿಂದಿನ ರಾತ್ರಿಯೇ ನೋಡಿ.

ಬಸ್ಸು. ಮೆಜೆಸ್ಟಿಕ್‌ನಿಂದ ಚಿಕ್ಕಬಳ್ಳಾಪುರಕ್ಕೆ ಸರ್ಕಾರಿ ಬಸ್ಸುಗಳು ಬೇಕಾದಷ್ಟಿವೆ. ಹತ್ತುವ ಮುಂಚೆ ಕಂಡಕ್ಟರ್ ಹತ್ತಿರ "ಸಾರ್, ನಂದಿ ಕ್ರಾಸಲ್ಲಿ ನಿಲ್ಲಿಸ್ತೀರಾ?" ಅಂತ ಕೇಳಿ. ನಿಲ್ಲಿಸದ ಬಸ್ಸಾದರೆ ಚಿಕ್ಕಬಳ್ಳಾಪುರದಲ್ಲೇ ಇಳಿದು ಆಟೋ ಹಿಡಿಯಿರಿ. ಬಾಡಿಗೆ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ರೈಲು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಪುಟ್ಟ ಹಳೆಯ ನಿಲ್ದಾಣ ಇದೆ. ಅಲ್ಲಿಂದ ಗುಡಿಗೆ ನಡೆದೇ ಹೋಗಬಹುದು. ನನ್ನನ್ನು ಕೇಳಿದರೆ ಈ ಊರಿಗೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ರೈಲುಗಳು ಕಡಿಮೆ. ಯಾವ ದಿನ ಓಡುತ್ತದೆ, ವಾಪಸ್ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ನೋಡಿ, ಹೋಗುವ ರೈಲನ್ನು ಆಮೇಲೆ ಆರಿಸಿ. ರೈಲಿನಲ್ಲಿ ಹೋದರೆ ಅದೇ ದಿನ ಬೆಟ್ಟವನ್ನೂ ಸೇರಿಸಿಕೊಳ್ಳುವ ಆಸೆ ಬೇಡ.

## ಹಂತ 4: ಊರೊಳಗೆ ಕಾಲಿಡುವಾಗ

ಗಾಡಿಯನ್ನು ಗುಡಿಯ ಹತ್ತಿರದ ಬಯಲಲ್ಲೇ ನಿಲ್ಲಿಸಿ. ಮನೆಗಳ ನಡುವಿನ ಬೀದಿಗೆ ಕಾರು ನುಗ್ಗಿಸಬೇಡಿ. ಬೆಳಗಿನ ಹೊತ್ತು ಹಾಲಿನ ಕ್ಯಾನು, ಮೇವು ಹೊತ್ತ ಎತ್ತಿನಗಾಡಿ, ಟ್ರಾಕ್ಟರು ಎಲ್ಲಕ್ಕೂ ಇರುವುದು ಅದೊಂದೇ ದಾರಿ.

ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಮಾತಿನಲ್ಲಿ ಬರುತ್ತವೆ. ವಯಸ್ಸಾದವರು ತೆಲುಗಲ್ಲಿ ಶುರು ಮಾಡಿದರೂ ನೀವು ಕನ್ನಡದಲ್ಲೇ ಉತ್ತರ ಕೊಡಿ, ಮಾತು ಸಾಗುತ್ತದೆ. ದಾರಿ ಕೇಳುವಾಗ "ಅಣ್ಣಾ", "ಅಕ್ಕಾ", ಹಿರಿಯರಾದರೆ "ಯಜಮಾನ್ರೇ", "ಅಜ್ಜೀ" ಅನ್ನಿ. ಕಾರಿನ ಗಾಜು ಇಳಿಸಿ "ಹಲೋ" ಅಂದರೆ ಸರಿಯಾದ ಉತ್ತರ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಜಗಲಿ ಮೇಲೆ ಕೂತವರ ಫೋಟೋ ತೆಗೆಯುವ ಮುಂಚೆ ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ನವೆಂಬರ್‌ನಿಂದ ಜನವರಿ ತನಕ ಒಂದು ಎಚ್ಚರಿಕೆ. ಕೊಯ್ದ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೇ ಹರಡಿರುತ್ತಾರೆ, ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು. ಬೈಕಿನವರು ಇದರ ಮೇಲೆ ಬ್ರೇಕ್ ಹಾಕಿದರೆ ಜಾರಿ ಬೀಳುವುದು ಖಂಡಿತ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು ದಾಟಿ. ಕಾರಿನವರು ಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬಾರದು. ಬಿಸಿ ಸೈಲೆನ್ಸರ್‌ಗೆ ಒಣ ಹುಲ್ಲು ತಾಗಿದರೆ ಬೆಂಕಿ ಹತ್ತುತ್ತದೆ.

## ಹಂತ 5: ಭೋಗನಂದೀಶ್ವರನ ಆವರಣ

ಎಂಟು ಗಂಟೆಯೊಳಗೆ ಇಲ್ಲಿರಿ. ಕಲ್ಲು ತಣ್ಣಗಿರುತ್ತದೆ, ಪೂಜೆಯ ಹೊತ್ತಿಗೆ ಗರ್ಭಗುಡಿ ತೆರೆದಿರುತ್ತದೆ, ಪೂರ್ವದ ಬಿಸಿಲು ಗುಡಿಯ ಮುಂಭಾಗಕ್ಕೆ ಬೀಳುತ್ತದೆ. ಎರಡು ತಾಸು ಇದಕ್ಕೇ ಇಡಿ. ಇಪ್ಪತ್ತು ನಿಮಿಷದಲ್ಲಿ ಕೈಮುಗಿದು ಹೊರಬಂದವರೇ ಆಮೇಲೆ "ಅಲ್ಲಿ ಏನೂ ಇರಲಿಲ್ಲ" ಅನ್ನುವುದು.

ಒಳಗೆ ಬಂದ ಕೂಡಲೇ ಗರ್ಭಗುಡಿಗೆ ಓಡಬೇಡಿ. ಅಂಗಳದಲ್ಲಿ ನಿಂತು ಎದುರು ನೋಡಿ. ಎಡಗಡೆ, ಅಂದರೆ ದಕ್ಷಿಣಕ್ಕೆ ಅರುಣಾಚಲೇಶ್ವರ. ಬಲಗಡೆ, ಉತ್ತರಕ್ಕೆ ಭೋಗನಂದೀಶ್ವರ. ನಡುವೆ ಚಿಕ್ಕದಾಗಿ ಉಮಾಮಹೇಶ್ವರ. ಮೊದಲ ನೋಟಕ್ಕೆ ದೊಡ್ಡ ಗುಡಿಗಳೆರಡೂ ಒಂದೇ ಥರ ಕಾಣುತ್ತವೆ. ಇದನ್ನು ನೋಡಿದ ಮೇಲೆ ಅದನ್ನೇನು ನೋಡುವುದು ಅಂತ ಒಂದನ್ನು ಬಿಡುವವರು ಬಹಳ. ಬಿಡಬೇಡಿ.

ಮೊದಲು ಎಡಗಡೆ. ಅರುಣಾಚಲೇಶ್ವರನ ಗುಡಿಯಲ್ಲಿ ಸಿಂಹದ ಮುಖದ ಗಣಪತಿ ಇದ್ದಾನೆ, ಉಗ್ರಗಣಪತಿ ಎಂದೂ ಕರೆಯುತ್ತಾರೆ. ಇಂಥ ಗಣಪತಿ ಸಿಗುವುದು ಅಪರೂಪ. ಕಾಣದಿದ್ದರೆ ಅರ್ಚಕರನ್ನು ಕೇಳಿ.

ಆಮೇಲೆ ನಡುವೆ. ಉಮಾಮಹೇಶ್ವರನ ಮುಂದಿನ ಕಲ್ಯಾಣ ಮಂಟಪದಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಕಪ್ಪು ಕಲ್ಲಿನ ಕಂಬಗಳ ಮೇಲೆ ದೇವದಂಪತಿಗಳಿದ್ದಾರೆ: ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ, ಅಗ್ನಿ ಸ್ವಾಹಾದೇವಿ. ಮದುವೆ ಮಂಟಪಕ್ಕೆ ಜೋಡಿಗಳನ್ನೇ ಕರೆಸಿದ್ದಾರೆ ಶಿಲ್ಪಿಗಳು. ಮಕ್ಕಳು ಜೊತೆಗಿದ್ದರೆ ಯಾವ ಜೋಡಿ ಎಲ್ಲಿದೆ ಎಂದು ಹುಡುಕಲು ಬಿಡಿ. ಕೈಯಿಂದ ಸವರುವುದು ಮಾತ್ರ ಬೇಡ. ಕೈಯ ಎಣ್ಣೆ, ಬೆವರು ಕೂತು ಕೆತ್ತನೆ ಮಾಸುತ್ತದೆ.

ಕೊನೆಗೆ ಬಲಗಡೆ. ಹೊರಗಿನ ಬಿಸಿಲಿಂದ ಒಳಗೆ ಬಂದಾಗ ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ನೆ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಗೋಡೆಯ ಜಾಲಾಂಧ್ರಗಳಿಂದ, ಅಂದರೆ ಕಲ್ಲಲ್ಲೇ ಕೊರೆದ ಕಿಟಕಿಗಳಿಂದ ಬೆಳಕು ಬರುತ್ತದೆ. ಆ ಕೆತ್ತನೆಯನ್ನು ಒಳಗಿಂದ ನೋಡಿ, ಆಮೇಲೆ ಹೊರಗೆ ಸುತ್ತು ಹಾಕುವಾಗ ಅದೇ ಕಿಟಕಿಯನ್ನು ಮತ್ತೆ ನೋಡಿ. ಟಾರ್ಚ್ ಬೇಕಾದರೆ ನೆಲಕ್ಕೆ ಹಿಡಿಯಿರಿ, ಗರ್ಭಗುಡಿಯ ಕಡೆ ಬೇಡ. ಗರ್ಭಗುಡಿಯ ಫೋಟೋ ತೆಗೆಯಬೇಡಿ.

ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್, ಮದುವೆಗೆ ಮುಂಚಿನ ಫೋಟೋಶೂಟ್, ಡ್ರೋನ್ ಇವಕ್ಕೆ ಅನುಮತಿ ಇಲ್ಲದೆ ಹೋದರೆ ಕಾವಲುಗಾರರು ಹೊರಗೆ ಕಳಿಸುತ್ತಾರೆ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಕ್ರಿ.ಶ. 806ರ ತಾಮ್ರಶಾಸನದಲ್ಲೇ ಬರುವ ಗುಡಿ ಇದು. ಕಂಬಕ್ಕೆ ಕುಂಕುಮ ಒರೆಸುವುದು, ಕಲ್ಲಿನ ಮೇಲೆ ಕರ್ಪೂರ ಹಚ್ಚುವುದು ಭಕ್ತಿಯಿಂದ ಮಾಡಿದರೂ ಹಾನಿಯೇ.

## ಹಂತ 6: ಕಲ್ಯಾಣಿ

ಮೂರು ಗುಡಿ ನೋಡಿದ ಮೇಲೆ ಮುಗಿಯಿತು ಅಂತ ಹೊರಗೆ ಹೋಗುವವರಿಗೆ ತಪ್ಪಿಹೋಗುವುದು ಇದು. ಉತ್ತರ ಗೋಡೆಯ ಆಚೆ ಇನ್ನೊಂದು ಅಂಗಳ ಇದೆ, ಅಲ್ಲಿ ತುಲಾಭಾರ ಮಂಟಪ. ಅದನ್ನೂ ದಾಟಿದರೆ ಶೃಂಗಿ ತೀರ್ಥ, ನಾಲ್ಕು ಕಡೆಯೂ ಮೆಟ್ಟಿಲು, ಸುತ್ತ ಮಂಟಪದ ಸಾಲು. ಪಿನಾಕಿನಿ ನದಿ ಇಲ್ಲೇ ಹುಟ್ಟಿತು ಎಂಬುದು ಸ್ಥಳದ ನಂಬಿಕೆ.

ಮೆಟ್ಟಿಲು ಇಳಿಯುವಾಗ ಬಣ್ಣ ನೋಡಿ. ಹಸಿರು ಅಥವಾ ಕಪ್ಪು ಹೊಳಪಿದ್ದರೆ ಅದು ಪಾಚಿ, ಅಲ್ಲಿಗೇ ನಿಲ್ಲಿ. ನೀರಿನ ಅಂಚಿನ ಮೆಟ್ಟಿಲಿಗೆ ಹೋಗಲೇಬೇಡಿ. ಕಲ್ಯಾಣಿಗಳು ನಡುವಿನ ಕಡೆಗೆ ಆಳವಾಗುತ್ತಾ ಹೋಗುತ್ತವೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಬಾಗಿಲಿಗೆ ಬೀಗ ಹಾಕಿದ್ದರೆ ಗೋಡೆ ಹತ್ತಬೇಡಿ, ಮೇಲಿಂದಲೇ ನೋಡಿ. ಮಂಟಪದ ನೆರಳಲ್ಲಿ ಕೂರುವ ಮುಂಚೆ ಮೇಲೆ ಜೇನು ಇದೆಯಾ, ಕಲ್ಲಿನ ಸಂದಿಯಲ್ಲಿ ಹಾವು ಹುಳ ಇದೆಯಾ ನೋಡಿ ಕೂರಿ.

## ಹಂತ 7: ತೋಟಗಳ ನಡುವೆ

ಹತ್ತರ ನಂತರ ಗುಡಿಯಿಂದ ಹೊರಬಂದು ಊರಿನ ಅಂಚಿನ ದಾರಿಯಲ್ಲಿ ನಡೆಯಿರಿ. ಚಿಕ್ಕಬಳ್ಳಾಪುರ ಸೀಮೆ ದ್ರಾಕ್ಷಿಗೆ, ಗುಲಾಬಿ ಸೇವಂತಿಗೆಗೆ, ಹಿಪ್ಪುನೇರಳೆಗೆ ಹೆಸರಾದದ್ದು. ಭೌಗೋಳಿಕ ಸೂಚಿಕೆ ಸಿಕ್ಕಿರುವ ಬೆಂಗಳೂರು ನೀಲಿ ದ್ರಾಕ್ಷಿಯ ಸೀಮೆಯೂ ಇದೇ.

ಸಾರ್ವಜನಿಕ ದಾರಿಯಲ್ಲೇ ಇರಿ. ಒಳಗೆ ಹೋಗಬೇಕೆನಿಸಿದರೆ ತೋಟದವರನ್ನು ಕೇಳಿ. ಕೇಳಿದರೆ ಕರೆದುಕೊಂಡು ಹೋಗಿ ತೋರಿಸುವವರಿದ್ದಾರೆ. ಕೇಳದೆ ಹೋದರೆ ಜಗಳವೇ. ದ್ರಾಕ್ಷಿಗೆ ಔಷಧಿ ಹೊಡೆಯುವುದು ಮೇಲಿಂದ ಮೇಲೆ ನಡೆಯುತ್ತದೆ. ಎಲೆಯ ಮೇಲೆ ಬಿಳಿ ಅಥವಾ ನೀಲಿ ಕಲೆ, ಮೂಗಿಗೆ ಕಟುವಾದ ವಾಸನೆ ಬಂದರೆ ಆ ಸಾಲಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ಗೊಂಚಲು ಕಿತ್ತು ಬಾಯಿಗೆ ಹಾಕಬೇಡಿ. ಕೊಳ್ಳುವುದಿದ್ದರೆ ಕೊಯ್ದು ಇಟ್ಟದ್ದನ್ನೇ ಕೊಳ್ಳಿ, ಮನೆಗೆ ಹೋಗಿ ಉಪ್ಪು ನೀರಲ್ಲಿ ತೊಳೆಯಿರಿ.

ರೇಷ್ಮೆ ಹುಳು ಸಾಕುವ ಮನೆಗೆ ಏಕಾಏಕಿ ನುಗ್ಗುವುದು ಇನ್ನೂ ದೊಡ್ಡ ತಪ್ಪು. ಹೊರಗಿನವರ ಕಾಲಿನಿಂದ, ಕೈಯಿಂದ ಹುಳುವಿಗೆ ರೋಗ ಹರಡುತ್ತದೆ. ಒಂದು ಬೆಳೆ ಹೋದರೆ ಆ ಮನೆಯ ತಿಂಗಳ ದುಡಿಮೆಯೇ ಹೋದ ಹಾಗೆ. ಬಾಗಿಲಲ್ಲೇ ನಿಂತು ಕೇಳಿ. ಬೇಡ ಅಂದರೆ ಅದಕ್ಕೆ ಒಳ್ಳೆಯ ಕಾರಣವೇ ಇರುತ್ತದೆ.

## ಹಂತ 8: ನಡುಹಗಲು

ಊರಲ್ಲಿ ದೊಡ್ಡ ಹೋಟೆಲು ಹುಡುಕಬೇಡಿ. ಟೀ, ಬೋಂಡಾ, ಎಳನೀರು ಸಿಗುತ್ತದೆ. ಊಟಕ್ಕೆ ಚಿಕ್ಕಬಳ್ಳಾಪುರ ಪಕ್ಕದಲ್ಲೇ ಇದೆ.

ಬಿಸಿಲು ಜೋರಿರುವ ಈ ಹೊತ್ತಿಗೆ ಮುದ್ದೇನಹಳ್ಳಿ ಸರಿಹೊಂದುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರ ಮನೆ ಈಗ ವಸ್ತುಸಂಗ್ರಹಾಲಯ, ಸಮಾಧಿಯೂ ಇದೇ ಊರಲ್ಲಿದೆ. ಸಂಗ್ರಹಾಲಯದ ರಜೆಯ ದಿನ ಮುಂಚೆಯೇ ವಿಚಾರಿಸಿ. ಸಮಯ ಕಡಿಮೆ ಇದ್ದರೆ ಬಿಡಬೇಕಾದದ್ದು ಇದನ್ನು, ಕಲ್ಯಾಣಿಯನ್ನಲ್ಲ.

## ಹಂತ 9: ಬೆಟ್ಟ

ಮಧ್ಯಾಹ್ನ ಎರಡರ ಹೊತ್ತಿಗೆ ಘಾಟ್ ಶುರು ಮಾಡಿ. ಬೆಳಗಿನ ಸಾಲು ಕರಗಿ ಹೋಗಿರುತ್ತದೆ. ಊರು ಬೆಟ್ಟದ ಬುಡದಲ್ಲೇ ಇದ್ದರೂ ವಾಹನದ ದಾರಿ ಸುತ್ತಿ ಬಳಸಿ ಹೋಗುತ್ತದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಸುಲ್ತಾನ್‌ಪೇಟೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲಿನ ಹಳೆಯ ದಾರಿಯೂ ಇದೆ. ಅದು ತೆರೆದಿದೆಯಾ ಎಂದು ಅರಣ್ಯ ಇಲಾಖೆಯವರನ್ನು ಕೇಳದೆ ಹತ್ತಬೇಡಿ. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಮೇಲೆ ಹೋದ ಮೇಲೆ ಕ್ರಮ ಹೀಗಿರಲಿ: ಕೋಟೆಯ ಬಾಗಿಲು ಮತ್ತು ಗೋಡೆ, ಟಿಪ್ಪುವಿನ ಬೇಸಿಗೆ ಅರಮನೆ, ಅಮೃತ ಸರೋವರ, ಉದ್ಯಾನ, ಯೋಗನಂದೀಶ್ವರ. ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯ ಅಂಚು ಕೊನೆಗೆ. ಎಲ್ಲರೂ ಮೊದಲು ಡ್ರಾಪ್‌ಗೇ ಹೋಗಿ ಗುಂಪು ಕಟ್ಟುತ್ತಾರೆ.

ಕೋಟೆ ನೋಡುವಾಗ ಪಶ್ಚಿಮದ ಕಡೆ ಗಮನ ಕೊಡಿ. ಬೇರೆ ದಿಕ್ಕಿನಲ್ಲಿ ಕಡಿದಾದ ಬಂಡೆಯೇ ಕಾವಲು. ಹತ್ತಲು ಆಗುವುದು ಈ ಕಡೆಯಿಂದ ಮಾತ್ರ, 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರ ಪಡೆ ಹತ್ತಿದ್ದೂ ಇಲ್ಲಿಂದಲೇ. ಗಾರೆ ಸಡಿಲಾದ ಗೋಡೆಯ ಮೇಲೆ ನಡೆಯಬೇಡಿ. ಕಲ್ಲಿನ ನಡುವೆ ಆಲ, ಅರಳಿಯ ಬೇರು ಹೊಕ್ಕಿದ್ದರೆ ಆ ಭಾಗ ಒಳಗಿಂದ ಬಿರಿದಿದೆ ಎಂದೇ ಅರ್ಥ.

ತೋಟಗಾರಿಕೆ ಇಲಾಖೆ ಬೆಳೆಸಿದ ಉದ್ಯಾನದಲ್ಲಿ ಹುಲ್ಲುಹಾಸಿನಲ್ಲೇ ಕೂತು ಎದ್ದು ಬರಬೇಡಿ. ನರ್ಸರಿಯ ಸುತ್ತಿನ ದಟ್ಟ ಮರಗಳ ಅಂಚಿನಲ್ಲಿ ಮಾತಿಲ್ಲದೆ ಹತ್ತು ನಿಮಿಷ ನಿಲ್ಲಿ. ಪಶ್ಚಿಮ ಘಟ್ಟದಲ್ಲಿ ಕಾಣುವ ನೀಲಗಿರಿ ಕಾಡುಪಾರಿವಾಳ ಇಷ್ಟು ದೂರದ ಈ ಬೆಟ್ಟದಲ್ಲೂ ಇದೆ. ಬಂಡೆಯ ಇಳಿಜಾರಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇರುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಂದ ಹಕ್ಕಿಗಳೂ ಸಿಗುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಅವು ಗೂಡು ಬಿಟ್ಟು ಬರುತ್ತವೆ.

ಡ್ರಾಪ್‌ನ ಹತ್ತಿರ ಬೇಲಿ ದಾಟುವ ಮಾತೇ ಇಲ್ಲ. ಮಂಜು ಮುಸುಕಿದಾಗ ಬಂಡೆ ಒದ್ದೆಯಾಗಿ ಜಾರುತ್ತದೆ, ಅಂಚು ಎಲ್ಲಿ ಮುಗಿಯುತ್ತದೆ ಎಂಬುದೂ ಕಾಣುವುದಿಲ್ಲ. ಗುಡುಗು ಕೇಳಿದರೆ ಬಯಲು ಬಂಡೆಯಿಂದ ಕೂಡಲೇ ಇಳಿದು ಕಟ್ಟಡದೊಳಗೆ ಬನ್ನಿ.

## ಹಂತ 10: ಇಳಿಯುವುದು

ಸಂಜೆ ಐದಕ್ಕೆ ಗಾಡಿಯ ಹತ್ತಿರ ಇರಿ. ಬಾಗಿಲು ಹಾಕುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ.

ಘಾಟ್ ಹತ್ತಿದ ಗೇರ್‌ನಲ್ಲೇ ಇಳಿಯಬೇಕು. ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವವರನ್ನು ನೋಡಿ ಕಲಿಯಬೇಡಿ. ಗೇರಿಲ್ಲದ ಸ್ಕೂಟರ್‌ನವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಎಂಜಿನ್ ಹಿಡಿತ ಕಡಿಮೆ, ಭಾರ ಪೂರ್ತಿ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಸುಟ್ಟ ವಾಸನೆ ಬಂದರೆ, ಅಥವಾ ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಕಾದಿದೆ. ಅಗಲವಾದ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ನೀರು ಹಾಕಿ ತಣಿಸಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ತಿರುವಿನಲ್ಲಿ ಹಾರ್ನ್ ಮಾಡಿ, ಹತ್ತುವವರಿಗೆ ದಾರಿ ಬಿಡಿ.

ಹೆದ್ದಾರಿಗೆ ಬಂದ ಮೇಲೆ ದೇವನಹಳ್ಳಿಯ ಆಚೆ ವಿಮಾನ ನಿಲ್ದಾಣದ ಗಾಡಿಗಳು ಸೇರಿಕೊಳ್ಳುತ್ತವೆ. ಹೆಬ್ಬಾಳದ ಗದ್ದಲ ಎಂಟೂವರೆ ತನಕ ಇಳಿಯುವುದಿಲ್ಲ. ಅದಕ್ಕೇ ದೇವನಹಳ್ಳಿಯಲ್ಲಿ ನಿಲ್ಲಿಸಿ ಕಾಫಿ, ತಿಂಡಿ ಮುಗಿಸಿ. ಕೋಟೆಯ ಪಕ್ಕದಲ್ಲಿ ಹತ್ತು ಹೆಜ್ಜೆ ನಡೆದು ಕಾಲು ಬಿಡಿಸಿಕೊಳ್ಳಿ. ಅಷ್ಟರಲ್ಲಿ ದಾರಿಯೂ ಸ್ವಲ್ಪ ಹಗುರಾಗಿರುತ್ತದೆ.